ಟೋಟಲ್ ಇಲ್ಲದ ಪುಸ್ತಕ

ಫಟ್!

ಹೊಸ ಸ್ಟ್ರೆಚರ್‌ನ ಮೂಲೆಯ ಪೈಪು ಅವಳ ಕಣ್ಣೆದುರೇ ಮುರಿಯಿತು.

ಮರಳು ತುಂಬಿದ ತೊಂಬತ್ತು ಕಿಲೋ ಗೊಂಬೆ ಸ್ಟ್ರೆಚರ್‌ನಿಂದ ಜಾರಿ, ದೊಪ್ಪೆಂದು ನೆಲಕ್ಕೆ ಬಿದ್ದು, ಉರುಳುತ್ತಾ ಬಂದು ಸರಿಯಾಗಿ ಅವಳ ಚಪ್ಪಲಿಯ ಮುಂದೆ ನಿಂತಿತು. ಅದರ ಹಿಂದೆಯೇ ಅವನೂ ಬಂದ. ಮಾಸಿದ ನೀಲಿ ಅಂಗಿ, ಮಡಚಿದ ತೋಳು, ಕಿವಿಯ ಮೇಲೊಂದು ಪೆನ್ಸಿಲ್. ಗೊಂಬೆಯ ಪಕ್ಕ ಮಂಡಿಯೂರಿ ಕೂತು ತಲೆ ಎತ್ತಿದ.

"ಮಾವ ಬಿದ್ದ, ಮೇಡಂ."

"ಏನು?!"

"ಇವನನ್ನ ನಾವು ಮಾವ ಅಂತೀವಿ. ಏನೇ ಮಾಡಿ, ಒಪ್ಪೋದೇ ಇಲ್ಲ ನೋಡಿ. ಅದಕ್ಕೆ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅವಳ ಮುಖ ಕೆಂಪಾಯಿತು. ಮುರಿದು ಬಿದ್ದಿದ್ದು ಅವಳ ಮೂರು ತಿಂಗಳ ಕೆಲಸ! ಅದರ ಮೇಲೆ ಇವನಿಗೆ ತಮಾಷೆ ಬೇರೆ!

"ನೀವು ಬೇಕಂತಲೇ ಜಾಸ್ತಿ ತಿರುಚಿದ್ರಿ. ನನ್ನ ಕೋಡ್ ಪ್ರಕಾರ ಇದು ಮುರಿಯೋದಕ್ಕೆ ಸಾಧ್ಯಾನೇ ಇಲ್ಲ."

ಅವನು ಅಳತೆಯ ಮುಳ್ಳನ್ನು ತೋರಿಸಿದ. ನಿಯಮದಲ್ಲಿ ಎಷ್ಟಿತ್ತೋ ಅಷ್ಟೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಆಮೇಲೆ ಒಂದು ದಪ್ಪ ಪುಸ್ತಕ ತೆರೆದು, ಕೆಂಪು ಇಂಕಿನ ಮೊಹರು ಎತ್ತಿ ಠಪ್ಪೆಂದು ಒತ್ತಿದ.

"ಒಂದೇ ಸಲಕ್ಕೆ ಒತ್ತಿಬಿಟ್ರಾ? ಇನ್ನೊಂದ್ಸಲ ನೋಡೋದಿಲ್ವಾ?"

"ಹಸಿರು ಮೊಹರಿಗೆ ಮೂರು ಸಲ ಗೆಲ್ಲಬೇಕು ಮೇಡಂ. ಕೆಂಪಿಗೆ ಒಂದೇ ಸಾಕು."

ಎಂಥಾ ಮನುಷ್ಯ! ಮುರಿಯೋದರಲ್ಲೇ ಇವನಿಗೆ ಸುಖ... ಮುರುಕ ಮಹಾರಾಯ!

ಮನಸ್ಸಿನಲ್ಲೇ ಅವನಿಗೆ ನಾಮಕರಣ ಮಾಡಿ, ಅವಳು ದಡದಡ ಮೆಟ್ಟಿಲು ಹತ್ತಿ ತನ್ನ ಕಂಪ್ಯೂಟರ್ ಮುಂದೆ ಕೂತಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಆಂಬುಲೆನ್ಸಿನವರು ರೋಗಿಯನ್ನು ಮಲಗಿಸಿಕೊಂಡು ಇಕ್ಕಟ್ಟಾದ ಮೆಟ್ಟಿಲು ಇಳಿಯುತ್ತಾರಲ್ಲ, ಆ ಸ್ಟ್ರೆಚರ್ ಹಗುರವಾಗಬೇಕು. ಹಳೆಯದು ಹದಿನಾರು ಕಿಲೋ. ಹೊಸದು ಒಂಬತ್ತು ಕಿಲೋ ದಾಟಬಾರದು. ಪೈಪನ್ನು ಸಣ್ಣಗೆ ಮಾಡುತ್ತಾ ಹೋದರೆ ಹಗುರವೇನೋ ಆಗುತ್ತದೆ. ಆದರೆ ಆರು ನಿಬಂಧನೆಗಳಿವೆ. ಬಾಗಬಾರದು, ಬಿರಿಯಬಾರದು, ಮೆಟ್ಟಿಲಿನ ತಿರುವಿನಲ್ಲಿ ತಿರುಚಿಕೊಳ್ಳಬಾರದು, ಕಾಲು ಕುಸಿಯಬಾರದು, ಮಡಚಿದರೆ ಗಾಡಿಯಲ್ಲಿ ಹಿಡಿಸಬೇಕು, ಅಗಲ ಮೆಟ್ಟಿಲಿಗಿಂತ ಮೀರಬಾರದು.

ಅವಳ ಕೋಡ್ ಸಾವಿರಾರು ಅಳತೆಗಳನ್ನು ಒಂದೊಂದಾಗಿ ಹಾಕಿ ನೋಡುತ್ತದೆ. ನಿಬಂಧನೆ ಮುರಿದ ವಿನ್ಯಾಸಕ್ಕೆ ದಂಡ ಹಾಕಿ ಹಿಂದೆ ತಳ್ಳುತ್ತದೆ. ದಂಡವೇ ಇಲ್ಲದವುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ಹೆಕ್ಕಿ, ಪರದೆಯ ಮೇಲೆ ಒಂದು ದೀಪ ಹಚ್ಚುತ್ತದೆ.

ಒಂದೇ ದೀಪ. ಅದು ಮುಖ್ಯಸ್ಥರ ಅಪ್ಪಣೆ.

"ಆರು ದೀಪ ತೋರಿಸ್ಬೇಡಮ್ಮಾ, ನನಗೆ ತಲೆ ಕೆಡುತ್ತೆ. ಪಾಸೋ ಫೇಲೋ, ಒಂದು ದೀಪ ಹಾಕು ಸಾಕು," ಎಂದಿದ್ದರು.

ಆ ದೀಪ ಈಗಲೂ ಹಸಿರಾಗಿಯೇ ನಗುತ್ತಿತ್ತು. ಏಳು ಕಿಲೋ ಇನ್ನೂರು ಗ್ರಾಂ. ದಂಡ ಸೊನ್ನೆ!

ಹಾಗಾದರೆ ಮುರಿದದ್ದೇಕೆ?

ಅವಳು ಮಿಲಿಮೀಟರು, ಮೀಟರು ಕಲಸಿಹೋಗಿದೆಯೇ ನೋಡಿದಳು. ಇಲ್ಲ. ಲೋಹದ ಬಲದ ಅಂಕಿ ನೋಡಿದಳು. ಸರಿಯಾಗಿತ್ತು. ಕೊನೆಗೆ, ಯಾವುದಕ್ಕೂ ಇರಲಿ ಎಂದು ತಿರುಚುವ ಭಾರವನ್ನೇ ಕಾಲು ಪಾಲು ಹೆಚ್ಚಿಸಿ ಕೋಡ್ ಓಡಿಸಿದಳು. ಮತ್ತೆ ಹಸಿರು. ವಿಚಿತ್ರವೆಂದರೆ ತಿರುಚು ತಡೆಯುವ ಮೂಲೆಯ ಪೈಪು ಹಾಗೆಯೇ ಇತ್ತು, ಉದ್ದನೆಯ ಪೈಪು ಮಾತ್ರ ಒಂದಿಷ್ಟು ದಪ್ಪಗಾಗಿತ್ತು. ಅವಳು ಹುಬ್ಬು ಗಂಟಿಕ್ಕಿದಳು. ಆದರೆ ದೀಪ ಹಸಿರಲ್ಲವೇ? ಬಿಟ್ಟಳು.

ಎರಡನೆಯ ಮಾದರಿ ತಯಾರಾಯಿತು.

ಫಟ್! ಅದೇ ಮೂಲೆ. ಮಾವ ಮತ್ತೆ ನೆಲದ ಪಾಲು.

"ಇನ್ನು ಒಂದೇ ಅವಕಾಶ ಕಣಮ್ಮಾ," ಎಂದರು ಮುಖ್ಯಸ್ಥರು. "ಮೂರನೆಯದೂ ಹೋದರೆ ಈ ಯೋಜನೆ ಮುಚ್ಚಿ, ಹಳೇದನ್ನೇ ಮುಂದುವರಿಸ್ತೀವಿ."

*

ಮನೆಯಲ್ಲಿ ದೊಡ್ಡಮ್ಮ ಕಾಯುತ್ತಿದ್ದಳು. ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದವಳು. ಮೂವತ್ತು ವರ್ಷ ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದಿದ ಕೈ, ನಿವೃತ್ತಿಯಾದರೂ ಸುಮ್ಮನಿರದು. ಪಕ್ಕದ ಮನೆಯ ಸೊಸೆಗೆ ಅರವತ್ತು, ಬೆಳಗಿನ ಟೀಗೆ ನಲವತ್ತು, ಹೀಗೆ ಎಲ್ಲದಕ್ಕೂ ನೂರಕ್ಕೆ ಅಂಕ ಹಾಕುವಳು.

"ಪುಟ್ಟೀ, ಆ ಹುಡುಗನಿಗೆ ಟೋಟಲ್ ಮಾಡಿದೆ. ತೊಂಬತ್ತೆರಡು!"

"ಉಳಿದ ಎಂಟು ಎಲ್ಲಿ ಹೋಯ್ತು ದೊಡ್ಡಮ್ಮ?"

"ಅಯ್ಯೋ, ಅದೇನೂ ಇಲ್ವೇ. ಮದುವೆ ಆದ್ಮೇಲೆ ನೀನು ಕೆಲಸ ಬಿಡ್ಬೇಕಂತೆ. ಅದೊಂದೇ. ಮನೆತನ, ನೌಕರಿ, ಗುಣ, ಎತ್ತರ ಎಲ್ಲಾದ್ರಲ್ಲೂ ಫಸ್ಟ್ ಕ್ಲಾಸ್! ತೊಂಬತ್ತೆರಡು ಬಂದ್ಮೇಲೆ ಆ ಎಂಟು ಯಾರಿಗೆ ಬೇಕು? ಶುಕ್ರವಾರ ಸಂಜೆ ಅವರಿಗೆ ಮಾತು ಕೊಡ್ಬೇಕು."

ಶುಕ್ರವಾರವೇ ಮೂರನೆಯ ಪರೀಕ್ಷೆ. ಅದೂ ಮುರಿದು ಬಿದ್ದರೆ, 'ನನಗೆ ನನ್ನ ಕೆಲಸ ಬೇಕು' ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ...?

ಮರುದಿನ ಮುಖ್ಯಸ್ಥರ ಮೇಜಿನ ಮೇಲೆ ಒಂದು ಚೀಟಿ ಕಣ್ಣಿಗೆ ಬಿತ್ತು. ಮುರುಕ ಮಹಾರಾಯನ ಗುಂಡು ಗುಂಡು ಅಕ್ಷರ. *ಮೂರನೆಯ ಮಾದರಿ ಈಗ ಮಾಡಿಸಬೇಡಿ.*

ಅಷ್ಟೇ ಸಾಕಾಯಿತು! ಮೊದಲೇ ಮೂಗಿನ ತುದಿಯಲ್ಲಿ ಕೋಪ. ಚೀಟಿ ಎತ್ತಿಕೊಂಡು ನೆಟ್ಟಗೆ ಕೆಳಗಿಳಿದು ಅವನೆದುರು ನಿಂತಳು.

"ಈ ಚೀಟಿ ನೀವು ಬರೆದದ್ದಾ?"

"ಹೌದು ಮೇಡಂ. ನಾನೇ. ಯಾಕಂದ್ರೆ..."

"ಯಾಕೆ ಅಂತ ನನಗೆ ಗೊತ್ತು! ನಿಮಗೆ ಮುರಿಯೋದು ಬಿಟ್ಟು ಬೇರೇನು ಬರುತ್ತೆ? ಭಾರ ಹೊತ್ತು ಗೊತ್ತಿದ್ರೆ ತಾನೆ ಹಗುರದ ಬೆಲೆ ಗೊತ್ತಾಗೋದು! ಇಲ್ಲಿ ಆರಾಮಾಗಿ ನಿಂತು ಮೊಹರು ಒತ್ತೋರಿಗೆ ಅದೆಲ್ಲ ಎಲ್ಲಿ ಅರ್ಥ ಆಗ್ಬೇಕು!"

ಅವನ ಕೈ ತಾನಾಗಿಯೇ ಬಲ ಭುಜದ ಮೇಲೆ ಹೋಯಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು, ಹಿತ್ತಲ ಬಾಗಿಲಿನಿಂದ ಹೊರಗೆ ಹೋದ.

ಗೆದ್ದೆ ಎನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮೂಲೆಯಲ್ಲಿ ಪೈಪು ಬೆಸೆಯುತ್ತಿದ್ದ ವೆಲ್ಡಿಂಗ್ ಅಕ್ಕ ಮುಖದ ಕವಚ ಮೇಲೆತ್ತಿದಳು. ಆ ಶೆಡ್ಡಿಗೆಲ್ಲ ಹಿರಿಯಳು.

"ನಾಲಿಗೆಗೆ ಮೂಳೆ ಇಲ್ಲ ಅಂತ ಹೀಗಾ ಮಾತಾಡೋದು, ತಾಯಿ?"

"ನಾನೇನು ಸುಳ್ಳು ಹೇಳಿದ್ನಾ ಅಕ್ಕ?"

"ಅವನು ಆರು ವರ್ಷ ಆಂಬುಲೆನ್ಸಲ್ಲಿ ಸ್ಟ್ರೆಚರ್ ಹೊತ್ತೋನು. ಒಂದ್ಸಲ ನಾಲ್ಕನೇ ಮಹಡಿಯಿಂದ ಒಬ್ಬ ಅಜ್ಜನ್ನ ಇಳಿಸ್ತಿದ್ರು. ತಿರುವಲ್ಲಿ ಪೈಪು ಮುರೀತು. ಇವನು ಬಿಡ್ಲಿಲ್ಲ. ಒಂದೇ ಭುಜದ ಮೇಲೆ ಹಿಡ್ಕೊಂಡು ನಿಂತ. ಅಜ್ಜ ಉಳಿದ್ರು. ಇವನ ಭುಜ ಹೋಯ್ತು. ಹೊರೋ ಕೆಲಸಾನೂ ಹೋಯ್ತು. ಹಗುರ ಆಗ್ಲಿ ಅಂತ ಈ ಶೆಡ್ಡಲ್ಲಿ ಅವನಷ್ಟು ಬೇಡಿಕೊಳ್ಳೋರು ಇನ್ನೊಬ್ಬರಿಲ್ಲ."

ಅವಳು ತನ್ನ ಕೈಯತ್ತ ನೋಡಿದಳು.

"ಮತ್ತೆ ಆ ಚೀಟಿ..."

"ನನ್ನೆದುರಿಗೇ ಬರೆದ. ಪೂರ್ತಿ ಓದಿದ್ಯಾ? ಹಿಂದೆ ತಿರುಗಿಸಿ ನೋಡು."

ಮುಷ್ಟಿಯಲ್ಲಿ ಮುದುಡಿದ್ದ ಚೀಟಿಯನ್ನು ಬಿಡಿಸಿ ತಿರುಗಿಸಿದಳು. *ಇದೇ ಕೊನೆಯ ಅವಕಾಶ. ತಪ್ಪು ಎಲ್ಲಿದೆ ಅಂತ ಹುಡುಕೋದಕ್ಕೆ ಮೇಡಂಗೆ ಸಮಯ ಕೊಡಿ. ಹುಡುಕ್ತಾರೆ.*

ಹುಡುಕ್ತಾರೆ! 'ಹುಡುಕಬಹುದು' ಅಲ್ಲ... ಹುಡುಕ್ತಾರೆ.

ಅವಳ ಕಣ್ಣು ತುಂಬಿ ಬಂತು.

*

ಹಿತ್ತಲ ಬಾಗಿಲ ಹೊರಗೆ ಒಂದು ಕಲ್ಲಿನ ಕಟ್ಟೆ. ಅವನು ಅಲ್ಲಿ ತನ್ನ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನನ್ನ ಮಾತನ್ನ ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಯ್ತು ನನ್ನ ಕಥೆ."

"ಬಿಡಿ ಮೇಡಂ. ನೆಲ ಏನೂ ಬೇಜಾರು ಮಾಡ್ಕೊಂಡಿಲ್ಲ."

ಅವಳಿಗೆ ಅಳುವಿನ ನಡುವೆಯೂ ನಗು ಬಂತು. ಅವನ ಪಕ್ಕ ಕೂತಳು. ಅವನು ಪುಸ್ತಕವನ್ನು ಅವಳತ್ತ ಸರಿಸಿದ. ಪ್ರತಿ ಪುಟದಲ್ಲೂ ಆರು ಸಾಲು, ಪ್ರತಿ ಸಾಲಿನ ಮುಂದೆ ಮೊಹರಿಗೊಂದು ಜಾಗ. ಅವಳ ಮಾದರಿಯ ಪುಟ ತೆರೆದಿತ್ತು. *ಬಾಗುವುದು: ಬೇಕಾದ್ದಕ್ಕಿಂತ ಮೂರು ಪಟ್ಟು ಗಟ್ಟಿ. ಕಾಲು: ಎರಡು ಪಟ್ಟು. ತಿರುಚು: ಹೋಯಿತು.*

ಅವಳು ಪುಟದ ಬುಡದಲ್ಲಿ ಏನನ್ನೋ ಹುಡುಕಿದಳು.

"ಇಲ್ಲಿ ಟೋಟಲ್ ಎಲ್ಲಿದೆ?"

"ಟೋಟಲ್ಲಾ? ನಮ್ಮಲ್ಲಿ ಟೋಟಲ್ ಇಲ್ಲ ಮೇಡಂ."

"ಯಾಕೆ?"

"ಯಾಕೆ ಅಂದ್ರೆ... ರೋಗಿ ತಿರುವಲ್ಲಿ ಬಿದ್ದ ಅಂತ ಇಟ್ಕೊಳ್ಳಿ. ಆಗ ಅವನ ಹೆಂಡತಿ ಹತ್ರ ಹೋಗಿ, 'ಅಮ್ಮಾ, ಬಾಗೋದ್ರಲ್ಲಿ ಮೂರು ಪಟ್ಟು ಗಟ್ಟಿ ಇತ್ತು, ಒಟ್ಟಾರೆ ಪಾಸು' ಅಂತ ಹೇಳೋಕಾಗುತ್ತಾ? ಒಂದರ ಹೆಚ್ಚಳ ಇನ್ನೊಂದರ ಕೊರತೆ ತುಂಬಲ್ಲ. ಆರೂ ಬೇರೆ ಬೇರೆ ಪಾಸಾಗ್ಬೇಕು."

ಅವಳು ದಿಗ್ಗನೆ ಎದ್ದು ನಿಂತಳು.

ಒಂದರ ಹೆಚ್ಚಳ... ಇನ್ನೊಂದರ ಕೊರತೆ... ಟೋಟಲ್!

"ಅಯ್ಯೋ ದೇವರೇ!!"

"ಏನಾಯ್ತು?"

"ಬನ್ನಿ! ಬೇಗ ಬನ್ನಿ!"

ಅವನ ಅಂಗಿಯ ತೋಳು ಹಿಡಿದೇ ಎಳೆದುಕೊಂಡು ಓಡಿದಳು. ತಾನು ಹಿಡಿದಿದ್ದೇನೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

"ನೋಡಿ ಇಲ್ಲಿ," ಪರದೆಗೆ ಬೆರಳು ತಾಗಿಸಿದಳು. "ಪ್ರತಿ ನಿಬಂಧನೆಗೂ ಒಂದು ಅಂಕಿ ಬರುತ್ತೆ. ಮುರಿದ್ರೆ ಪ್ಲಸ್. ಪಾಸಾಗಿ ಮಿಕ್ಕಿದ್ರೆ ಮೈನಸ್. ನಾನು ಆರನ್ನೂ ಕೂಡಿ ಒಟ್ಟು ದಂಡ ತೆಗೆದೆ! ಬಾಗೋದ್ರಲ್ಲಿ ಮಿಕ್ಕಿದ ಮೈನಸ್ಸು, ತಿರುಚಿನ ಪ್ಲಸ್ಸನ್ನ ನುಂಗಿಹಾಕಿದೆ. ಅದಕ್ಕೇ ದಂಡ ಸೊನ್ನೆ, ಅದಕ್ಕೇ ದೀಪ ಹಸಿರು! ನಾನು ತಿರುಚಿನ ಭಾರ ಹೆಚ್ಚಿಸಿದಾಗ ಈ ಕಳ್ಳ ಕೋಡ್ ಮೂಲೆ ಗಟ್ಟಿ ಮಾಡೋ ಬದಲು, ಉದ್ದದ ಪೈಪನ್ನ ಇನ್ನಷ್ಟು ದಪ್ಪ ಮಾಡಿ ಲೆಕ್ಕ ಸರಿದೂಗಿಸಿದೆ!"

"ಅಂದ್ರೆ ಪಕ್ಕದವನ ಪತ್ರಿಕೆಯ ಅಂಕ ತಂದು ಫೇಲಾದವನಿಗೆ ಹಾಕ್ದಂಗೆ."

"ಹಾಗೇ! ಥೂ, ಟೋಟಲ್ ಹಾಕೋದು ನಮ್ಮ ಮನೇಲೇ ಅಂಟಿದ ರೋಗ!"

ತಿದ್ದಲು ಬೇಕಾದದ್ದು ಒಂದೇ ಸಾಲು. ಅಂಕಿ ಸೊನ್ನೆಗಿಂತ ಕಡಿಮೆಯಿದ್ದರೆ ಸೊನ್ನೆಯೆಂದೇ ಹಿಡಿ, ಮಿಕ್ಕಿದ್ದನ್ನು ಯಾರಿಗೂ ಸಾಲ ಕೊಡಬೇಡ. ಹನ್ನೊಂದು ದಿನ ಬೆಟ್ಟ ಅಗೆದು ಹಿಡಿದ ಇಲಿ ಇಷ್ಟೇ! ಅವಳು ಆ ಒಂದು ದೀಪವನ್ನೂ ಕಿತ್ತುಹಾಕಿ ಆರು ದೀಪ ಬರೆದಳು. ಮುಖ್ಯಸ್ಥರ ತಲೆ ಕೆಟ್ಟರೆ ಕೆಡಲಿ.

ಮೊದಲು ಹಳೆಯ ವಿನ್ಯಾಸವನ್ನೇ ಹಾಕಿದಳು. ಐದು ಹಸಿರು. ಮೂರನೆಯದು ಕೆಂಡದಂತೆ ಕೆಂಪು. ತಿರುಚು! ಇಷ್ಟು ದಿನವೂ ಅಲ್ಲೇ ಇತ್ತು. ಒಂದು ದೀಪದ ಹಿಂದೆ ಅಡಗಿ ಕೂತಿತ್ತು.

ಆಮೇಲೆ ಹೊಸದಾಗಿ ಓಡಿಸಿದಳು. ಅಂಕಿಗಳು ಓಡತೊಡಗಿದವು. ಹತ್ತೂವರೆ ಕಿಲೋ... ಒಂಬತ್ತು ಎಂಟುನೂರು... ಒಂಬತ್ತು ಕಿಲೋ ನೂರು... ಅಲ್ಲೇ ನಿಂತುಬಿಟ್ಟರೆ? ಅವಳು ಕಣ್ಣು ಮುಚ್ಚಿಕೊಂಡಳು.

"ಮೇಡಂ..."

"ಹೇಳ್ಬೇಡಿ!"

"ಕಣ್ಣು ಬಿಡಿ ಮೇಡಂ."

ಎಂಟು ಕಿಲೋ ಆರುನೂರು ಗ್ರಾಂ. ಆರೂ ಹಸಿರು!

ಅವಳು ಚೀರಿದ ಚೀರಿಗೆ ಕೆಳಗೆ ವೆಲ್ಡಿಂಗ್ ಅಕ್ಕ ಕವಚ ಕೈಬಿಟ್ಟಳು. ಆಗಲೇ ಅವಳಿಗೆ ಅರಿವಾದದ್ದು, ತಾನು ಮತ್ತೆ ಅವನ ತೋಳು ಹಿಡಿದುಬಿಟ್ಟಿದ್ದೇನೆ ಎಂದು. ತಟ್ಟನೆ ಬಿಟ್ಟಳು. ಅವನು ಆ ತೋಳಿನ ಸುಕ್ಕನ್ನು ಸರಿಮಾಡಿಕೊಳ್ಳಲೇ ಇಲ್ಲ.

*

ಶುಕ್ರವಾರ. ಇಡೀ ಶೆಡ್ಡು ಉಸಿರು ಬಿಗಿಹಿಡಿದು ನಿಂತಿತ್ತು.

ಮಾವನನ್ನು ಮಲಗಿಸಿದರು. ಬಾಗಿಸಿದರು, ಜಗ್ಗಿದರು, ಮೂಲೆ ಹಿಡಿದು ತಿರುಚಿದರು. ಒಂದು ಸಲ. ಎರಡು ಸಲ. ಮೂರು ಸಲ. ಸದ್ದೇ ಇಲ್ಲ!

"ಮಾವ ಒಪ್ಪಿದ!" ಎಂದು ಯಾರೋ ಕೂಗಿದರು. ಚಪ್ಪಾಳೆ ಮುಗಿಲು ಮುಟ್ಟಿತು.

ಅವನು ಮಾತ್ರ ತಲೆ ಅಲ್ಲಾಡಿಸಿದ. "ಮರಳು ಮಾತಾಡಲ್ಲ. ನಿಜವಾದ ಮೆಟ್ಟಿಲು, ನಿಜವಾದ ಮನುಷ್ಯ ಆಗ್ಬೇಕು. ಯಾರು ಮಲಗ್ತೀರಾ?"

"ನಾನು," ಎಂದಳು ಅವಳು.

"ಮೇಡಂ, ನೀವ್ಯಾಕೆ..."

"ನಾನು ಮಾಡಿದ್ದರ ಮೇಲೆ ನಾನೇ ಮಲಗದೆ, ಬೇರೆಯವರನ್ನ ಮಲಗಿಸ್ಲಾ?"

ನಾಲ್ಕನೆಯ ಮಹಡಿ. ಅವಳನ್ನು ಪಟ್ಟಿ ಬಿಗಿದು ಮಲಗಿಸಿದರು. ಕೆಳಗಿನ ತುದಿಗೆ ವೆಲ್ಡಿಂಗ್ ಅಕ್ಕ, ತಲೆಯ ಕಡೆಗೆ ಅವನು. ಅವಳಿಗೆ ಅವನ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಗಲ್ಲದ ಮೇಲೊಂದು ಸಣ್ಣ ಮಚ್ಚೆ. ಇಷ್ಟು ದಿನ ನೋಡಿಯೇ ಇರಲಿಲ್ಲವಲ್ಲ!

"ಭುಜ ನೋಯ್ತಿದ್ಯಾ?" ಎಂದು ಪಿಸುಗುಟ್ಟಿದಳು.

"ಇಲ್ಲ. ಇದನ್ನ ಹೊತ್ತಿದ್ದೀನಿ ಅಂತಾನೇ ಅನ್ನಿಸ್ತಿಲ್ಲ." ಅವನು ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಮೂರು ವರ್ಷ ಆಗಿತ್ತು, ಸ್ಟ್ರೆಚರ್ ಹೊತ್ತು..."

ಒಂದು ತಿರುವು ದಾಟಿತು. ಎರಡು ದಾಟಿತು. ಮೂರನೆಯದು ಎಲ್ಲಕ್ಕಿಂತ ಇಕ್ಕಟ್ಟು. ಸ್ಟ್ರೆಚರ್ ಓರೆಯಾಯಿತು. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ.

ಪೈಪು ಸದ್ದು ಮಾಡಲಿಲ್ಲ.

ಅವನು ಅಲ್ಲೇ ನಿಂತುಬಿಟ್ಟ.

"ಇಂಥದ್ದೇ ತಿರುವಲ್ಲಿ ನನ್ನ ಭುಜ ಹೋಗಿದ್ದು," ಎಂದ. "ಅವತ್ತಿಂದ ಮೆಟ್ಟಿಲು ಅಂದ್ರೆ ಭಯ. ಇವತ್ತು ಆಗ್ತಿಲ್ಲ. ಯಾಕಂದ್ರೆ... ಮೇಡಂ, ನೀವು ಮೊದಲನೇ ದಿನ ನನ್ನ ಮೇಲೆ ರೇಗಿದ್ರಲ್ಲ, ಒಂದು ಸ್ಟ್ರೆಚರ್‌ಗೋಸ್ಕರ ಇಷ್ಟು ರೇಗೋರು ಇದ್ದಾರಾ ಅಂತ ಅನ್ನಿಸ್ತು. ಅವತ್ತಿಂದ ನೀವು ನನ್ನ ಮನಸ್ಸಲ್ಲೇ ಇದ್ದೀರಾ. ನನಗೆ ನೀವಂದ್ರೆ ತುಂಬಾ ಇಷ್ಟ."



ಕೆಳಗಿನಿಂದ ವೆಲ್ಡಿಂಗ್ ಅಕ್ಕನ ದನಿ ಬಂತು. "ಹಗುರ ಅಂದ್ರೆ ಗಾಳಿಪಟ ಅಲ್ಲ ಕಣಪ್ಪಾ! ನನ್ನ ಕೈ ಸೋಲ್ತಿದೆ. ಇಳಿದಾದ್ಮೇಲೆ ಮಾತಾಡ್ಕೊಳ್ಳಿ!"

ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಗಿಲ ಬಳಿ ಇನ್ನೊಂದು ಚೀರು ಕೇಳಿತು.

"ಅಯ್ಯಯ್ಯೋ! ನನ್ನ ಪುಟ್ಟಿಗೆ ಏನಾಯ್ತೋ!"

ದೊಡ್ಡಮ್ಮ! ಅವಳನ್ನು ಕರೆದುಕೊಂಡು ಹುಡುಗನ ಮನೆಗೆ ಹೋಗಲು ಬಂದಿದ್ದಳು.

"ಏನೂ ಆಗಿಲ್ಲ ದೊಡ್ಡಮ್ಮ! ನಾನು ಗೆದ್ದೆ!" ಪಟ್ಟಿ ಬಿಚ್ಚಿ ಜಿಗಿದಿಳಿದು ದೊಡ್ಡಮ್ಮನನ್ನು ಅಪ್ಪಿಕೊಂಡಳು. "ಮತ್ತೆ ಆ ತೊಂಬತ್ತೆರಡು ಅಂಕದ ಹುಡುಗ ನನಗೆ ಬೇಡ."

"ಏನೇ ಹಾಗಂದ್ರೆ? ಎಂಟೇ ಎಂಟು ಅಂಕ ಕಣೇ ಕಡಿಮೆ..."

"ಆ ಎಂಟು ಅಂಕಾನೇ ನಾನು, ದೊಡ್ಡಮ್ಮ. ಉಳಿದ ತೊಂಬತ್ತೆರಡು ಎಷ್ಟೇ ಚೆನ್ನಾಗಿದ್ರೂ ಅದರ ಬದಲಿಗೆ ಬರಲ್ಲ. ಟೋಟಲ್ ಹಾಕಿ ಹಾಕಿ ನಾನು ಎರಡು ಸ್ಟ್ರೆಚರ್ ಮುರಿದೆ. ಬದುಕನ್ನೂ ಮುರಿಸ್ಬೇಡ."

ದೊಡ್ಡಮ್ಮ ಅವಳ ಮುಖ ನೋಡಿದಳು. ಆ ಹೊಳೆಯುವ ಕಣ್ಣನ್ನು, ಅದು ಮತ್ತೆ ಮತ್ತೆ ಎತ್ತ ಹೊರಳುತ್ತಿದೆ ಎಂಬುದನ್ನೂ ನೋಡಿದಳು. ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವಳಿಗೆ ಇಷ್ಟು ಸಾಕಾಗದೇ?

"ಏನಪ್ಪಾ," ಎಂದು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಮದುವೆ ಆದ್ಮೇಲೆ ನಮ್ಮ ಹುಡುಗಿ ಕೆಲಸ ಬಿಡ್ಬೇಕೋ?"

"ಬಿಟ್ರೆ ನಾನು ಏನು ಮುರೀಲಿ, ಅಮ್ಮಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನಗಬಾರದೆಂದು ತುಟಿ ಬಿಗಿಹಿಡಿದ ದೊಡ್ಡಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು. "ನಡೀರಿ, ಅವರಿಗೆ ಇಲ್ಲ ಅಂತ ಫೋನ್ ಮಾಡ್ಬೇಕು. ಅದನ್ನೂ ನಾನೇ ಮಾಡ್ಬೇಕಲ್ಲ!"

ಪುಸ್ತಕ ಬಂತು. ಅವನು ಹಸಿರು ಮೊಹರು ಎತ್ತಿ ಇಂಕಿನ ಡಬ್ಬಿಗೆ ಒತ್ತಿದ. ಹತ್ತಲಿಲ್ಲ. ವರ್ಷಗಟ್ಟಲೆ ಮುಟ್ಟದೆ ಇಂಕು ಒಣಗಿ ಹಪ್ಪಳವಾಗಿತ್ತು! ದೊಡ್ಡಮ್ಮ ತನ್ನ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದಳು. ಅವನು ಐದು ಸಾಲಿಗೆ ಒತ್ತಿ, ತಿರುಚಿನ ಸಾಲು ಬಂದಾಗ ಮೊಹರನ್ನು ಅವಳ ಕೈಗಿಟ್ಟ. ಅವಳು ಎರಡೂ ಕೈಯಿಂದ ಒತ್ತಿದಳು. ಮುಖ್ಯಸ್ಥರು ಆರೂ ಮೊಹರನ್ನು ಬೆರಳಿಟ್ಟು ಎಣಿಸಿ, "ನನ್ನ ಪರದೆಗೂ ಆರು ದೀಪ ಹಾಕಮ್ಮಾ," ಎಂದರು.

ಎಲ್ಲರೂ ಚದುರಿದ ಮೇಲೆ, ಹಿತ್ತಲ ಕಟ್ಟೆಯ ಮೇಲೆ ಅವರಿಬ್ಬರೇ ಉಳಿದರು. ಸಂಜೆಯ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು.

"ಆ ತಿರುವಲ್ಲಿ ನಿಮಗೆ ಭಯ ಆಗ್ಲಿಲ್ವಾ?" ಎಂದು ಕೇಳಿದ.

"ಆಯ್ತು."

"ಕೋಡ್ ಮೇಲೆ ನಂಬಿಕೆ ಇರ್ಲಿಲ್ವಾ?"

"ಅದರ ಮೇಲೆ ಪೂರ್ತಿ ಇತ್ತು. ನೀವು ಏನೂ ಹೇಳ್ದೇ ಆ ತಿರುವು ದಾಟಿಬಿಡ್ತೀರೇನೋ ಅಂತ ಭಯ..."

ಅವನು ಅವಳನ್ನೇ ನೋಡುತ್ತಾ ಕೂತ. ಕಿವಿಯ ಮೇಲಿದ್ದ ಪೆನ್ಸಿಲ್ ಜಾರಿ ಬಿದ್ದದ್ದೂ ತಿಳಿಯಲಿಲ್ಲ.

"ಹೇಳಿದೆನಲ್ಲ."

"ಒಂದ್ಸಲ ಹೇಳಿದ್ರಿ," ಅವಳು ಅವನ ಭುಜಕ್ಕೆ, ಆ ನೋಯುವ ಭುಜಕ್ಕೆ, ಮೆಲ್ಲಗೆ ತಲೆ ಆನಿಸಿದಳು. "ಹಸಿರು ಮೊಹರಿಗೆ ಮೂರು ಸಲ ಬೇಕು ಅಂತ ನೀವೇ ತಾನೆ ಅಂದಿದ್ದು?"

ಅವನು ಇನ್ನೆರಡು ಸಲ ಹೇಳಿದ.